ತದ್ರೂಪಿ ಪಶುವಿನ ಹಾಲು, ಮಾಂಸ: ವಿರೋಧಿಸುವುದಾದರೆ ಯಾವ ಕಾರಣಕ್ಕೆ?

ಕುತೂಹಲಿ:
ಮಗಳು ಶಾಲೆಯ ಚರ್ಚಾಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. ವಿಷಯ, "ತದ್ರೂಪಿ ಪಶುಗಳನ್ನು ಆಹಾರಕ್ಕೆ ಬಳಸಬಹುದೇ?" ತದ್ರೂಪಿ ಎಂದರೆ ಕ್ಲೋನ್, ಒಂದು ಪಶುವಿನ ಜೀವಕೋಶದಿಂದ ಹುಟ್ಟಿಸಿದ ಅದರದೇ ಪ್ರತಿರೂಪ. ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ವಿರೋಧ ಪಕ್ಷ. ನೆರವಾಗೋಣವೆಂದು ನಾನೂ ಓದಲು ಕುಳಿತೆ. ಎರಡು ರಾತ್ರಿ ಕಳೆದರೂ ಗೊಂದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2008ರ ಜನವರಿ 15ರಂದು, ದನ, ಹಂದಿ, ಆಡುಗಳ ತದ್ರೂಪಿಗಳಿಂದ ಬರುವ ಹಾಲು, ಮಾಂಸ ಉಳಿದ ಪಶುಗಳದ್ದರಷ್ಟೇ ಸುರಕ್ಷಿತ ಎಂದಿತು. ಯುರೋಪಿನ ಸಂಸತ್ತು 2015ರ ಸೆಪ್ಟೆಂಬರ್ 8ರಂದು 529ಕ್ಕೆ 120 ಮತಗಳಿಂದ, ತದ್ರೂಪಿಗಳೂ ಬೇಡ, ಅವುಗಳ ಸಂತತಿಯೂ ಬೇಡ ಎಂದಿತು. ಇಬ್ಬರ ಮುಂದೆಯೂ ಇದ್ದದ್ದು ಒಂದೇ ವಿಜ್ಞಾನ. ಹಾಗಾದರೆ ಇಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆಯೇ? ಮಗಳು ಬರೆದಿಟ್ಟಿರುವ ಮೊದಲ ಸಾಲು, "ತದ್ರೂಪಿ ಪಶುವಿನ ಮಾಂಸ ವಿಷ." ಅದು ನಿಲ್ಲುತ್ತದೆಯೇ?

ಹಳೇಕಾಲದವನು:
ಖಂಡಿತ ನಿಲ್ಲುತ್ತದೆ. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಮಾಂಸ, ಕತ್ತರಿಸಿ ಅಂಟಿಸಿದ ವಂಶವಾಹಿ. ತಿಂದವರ ಗತಿ ಏನೆಂಬುದು ಮೂವತ್ತು ವರ್ಷ ಕಳೆದ ಮೇಲೆ ಗೊತ್ತಾಗುತ್ತದೆ. ತಂದೆಯೇ ಇಲ್ಲದೆ ಹುಟ್ಟಿದ ಪ್ರಾಣಿಯನ್ನು ತಿನ್ನುವಷ್ಟು ದಾರಿದ್ರ್ಯ ನಮಗಿನ್ನೂ ಬಂದಿಲ್ಲ.

ಜೀವಶಾಸ್ತ್ರದ ಮೇಷ್ಟ್ರು:
ಹಳೇಕಾಲದವರೇ, ಒಂದೇ ಉಸಿರಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಬೈದುಬಿಟ್ಟಿರಿ. ಪಾತ್ರೆಯಲ್ಲಿ ಜೀವಕೋಶಗಳನ್ನು ಬೆಳೆಸಿ ಮಾಡುವ ಮಾಂಸ ಒಂದು. ಅದರಲ್ಲಿ ಪ್ರಾಣಿಯೇ ಇಲ್ಲ. ವಂಶವಾಹಿಯನ್ನು ತಿದ್ದಿದ ಪ್ರಾಣಿ ಇನ್ನೊಂದು. ತದ್ರೂಪಿ ಮೂರನೆಯದು. ಇದರಲ್ಲಿ ವಂಶವಾಹಿಗೆ ಯಾರೂ ಕೈ ಹಚ್ಚುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆಯೇ ಮತ್ತೊಮ್ಮೆ ಹುಟ್ಟಿಸುತ್ತಾರೆ. ವಂಶವಾಹಿ ತಿದ್ದುವವರು ತದ್ರೂಪು ವಿಧಾನವನ್ನೂ ಬಳಸುವುದುಂಟು, ಆದರೆ ಆ ವಾದವೇ ಬೇರೆ.

ಕೆಲಸ ನಡೆಯುವುದು ಹೀಗೆ. ಒಂದು ಹಸುವಿನ ಅಂಡಾಣುವಿನಿಂದ ಕೋಶಕೇಂದ್ರವನ್ನು ಹೊರಗೆಳೆಯುತ್ತಾರೆ. ತದ್ರೂಪು ಬೇಕಾಗಿರುವ ಪಶುವಿನ ಮೈಯಿಂದ, ಉದಾಹರಣೆಗೆ ಕಿವಿಯ ತುದಿಯ ಚರ್ಮದಿಂದ, ಒಂದು ಜೀವಕೋಶವನ್ನು ತೆಗೆದು ಆ ಖಾಲಿ ಅಂಡಾಣುವಿನೊಳಗೆ ಸೇರಿಸುತ್ತಾರೆ. ವಿದ್ಯುತ್ತಿನ ಸಣ್ಣ ಹೊಡೆತ ಕೊಟ್ಟಾಗ ಎರಡೂ ಬೆಸೆದುಕೊಂಡು, ಗರ್ಭ ಕಟ್ಟಿದ ಅಂಡಾಣುವಿನಂತೆ ವಿಭಜನೆ ಶುರುವಾಗುತ್ತದೆ. ಕೆಲವು ದಿನಗಳ ಭ್ರೂಣವನ್ನು ಮೂರನೆಯ ಹಸುವಿನ ಗರ್ಭದಲ್ಲಿ ಇಡುತ್ತಾರೆ. ಎಡಿನ್‌ಬರೋ ಬಳಿಯ ರೋಸ್ಲಿನ್ ಸಂಸ್ಥೆಯಲ್ಲಿ 1996ರ ಜುಲೈ 5ರಂದು ಹುಟ್ಟಿದ ಡಾಲಿ ಕುರಿ ಬಂದದ್ದು ಹೀಗೆಯೇ, ಆರು ವರ್ಷದ ಕುರಿಯೊಂದರ ಕೆಚ್ಚಲಿನ ಜೀವಕೋಶದಿಂದ.

"ತಂದೆಯಿಲ್ಲದ" ಎಂಬ ಮಾತಿಗೂ ಒಂದು ತಿದ್ದುಪಡಿ. ತದ್ರೂಪಿಗೆ ತಂದೆ ಇದ್ದಾನೆ. ಮೂಲ ಪಶುವಿನ ತಂದೆಯೇ ಅದರ ತಂದೆ. ಕಾಲದಲ್ಲಿ ಹಿಂದೆಮುಂದೆ ಹುಟ್ಟಿದ ಅವಳಿ ಎಂದುಕೊಳ್ಳಿ. ಇನ್ನು ತದ್ರೂಪನ್ನು ತಿನ್ನುವ ಪ್ರಶ್ನೆ: ಬಾಳೆಯ ಕಂದು ಕಿತ್ತು ನೆಟ್ಟದ್ದು, ಮಾವಿಗೆ ಕಸಿ ಕಟ್ಟಿದ್ದು, ಕಬ್ಬಿನ ತುಂಡು ಊರಿದ್ದು, ಎಲ್ಲವೂ ತದ್ರೂಪುಗಳೇ. ನಾವು ಅಜ್ಜಂದಿರ ಕಾಲದಿಂದ ತಿನ್ನುತ್ತಲೇ ಬಂದಿದ್ದೇವೆ.

ಹಳೇಕಾಲದವನು:
ಬಾಳೆಯ ಗಿಡಕ್ಕೂ ಹಸುವಿಗೂ ವ್ಯತ್ಯಾಸ ಕಾಣದ ಮೇಷ್ಟ್ರಿಗೆ ನಮಸ್ಕಾರ.

ಜೀವಶಾಸ್ತ್ರದ ಮೇಷ್ಟ್ರು:
ಪ್ರತಿನಮಸ್ಕಾರ. ವ್ಯತ್ಯಾಸವಿದೆ. ಅದು ತಿನ್ನುವವರ ಹೊಟ್ಟೆಯಲ್ಲಿಲ್ಲ ಎಂಬುದಷ್ಟೇ ನನ್ನ ವಾದ.

ಕುತೂಹಲಿ ಅವರೇ, "ವಿಷ" ಎಂಬ ಸಾಲನ್ನು ಮಗಳಿಂದ ಹೊಡೆದುಹಾಕಿಸಿ. ಎದುರು ಪಕ್ಷದವರು ಮೊದಲ ನಿಮಿಷದಲ್ಲೇ ಹಿಡಿಯುತ್ತಾರೆ. ಅಮೆರಿಕದವರ ಅಪಾಯ ವಿಶ್ಲೇಷಣೆ ಒಂಬೈನೂರಕ್ಕೂ ಹೆಚ್ಚು ಪುಟಗಳದ್ದು. ಅದಕ್ಕೂ ಮುಂಚೆ, 2005ರಲ್ಲಿ, ಕನೆಕ್ಟಿಕಟ್ ವಿಶ್ವವಿದ್ಯಾಲಯ ಮತ್ತು ಜಪಾನಿನ ಸಂಶೋಧಕರು ತದ್ರೂಪಿ ದನಗಳ ಹಾಲು, ಮಾಂಸವನ್ನು ಅದೇ ವಯಸ್ಸಿನ, ಅದೇ ತಳಿಯ ಸಾಮಾನ್ಯ ದನಗಳದ್ದರ ಜೊತೆ ಇಟ್ಟು ನೂರಕ್ಕೂ ಹೆಚ್ಚು ಅಂಶಗಳನ್ನು ಅಳೆದು ನೋಡಿದರು. ಬಹುಪಾಲು ಎಲ್ಲವೂ ಹೊಂದಿಕೆಯಾದವು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ 2008ರ ಜುಲೈನಲ್ಲಿ, ಆಹಾರದ ಸುರಕ್ಷತೆಯಲ್ಲಿ ವ್ಯತ್ಯಾಸವಿದೆ ಎನ್ನಲು ಸೂಚನೆಗಳಿಲ್ಲ ಎಂದೇ ಬರೆಯಿತು. ನಿಷೇಧ ಕೇಳಿದ ಯುರೋಪಿನ ವಿಜ್ಞಾನಿಗಳೇ ಹೇಳಿದ್ದು ಇದು. ಹಾಗಾಗಿ ಯಾರೂ ಸುಳ್ಳು ಹೇಳುತ್ತಿಲ್ಲ.

ಕುತೂಹಲಿ:
ಹಾಗಾದರೆ ನಿಷೇಧ ಏಕೆ ಕೇಳಿದರು?

ನಿವೃತ್ತ ಪಶುವೈದ್ಯ:
ಅಮ್ಮಾ, ಅದಕ್ಕೆ ನಾನು ಉತ್ತರಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ನನ್ನ ವೃತ್ತಿಯಲ್ಲಿ ಕಷ್ಟದ ಹೆರಿಗೆಗಳನ್ನು ಲೆಕ್ಕವಿಲ್ಲದಷ್ಟು ಮಾಡಿಸಿದ್ದೇನೆ. ಕರು ದೊಡ್ಡದಾಗಿ ತಾಯಿಯ ದಾರಿ ಚಿಕ್ಕದಾದಾಗ ಏನಾಗುತ್ತದೆ ಎಂಬುದನ್ನು ಭುಜದವರೆಗೆ ಕೈ ಹಾಕಿದವನೇ ಬಲ್ಲ. ರಾತ್ರಿಯಿಡೀ ಎಳೆದು, ಬೆಳಗಿನ ಜಾವ ಸತ್ತ ಕರುವನ್ನು ಹೊರತೆಗೆದು, ಮೇಲೇಳಲಾರದ ಹಸುವಿನ ಪಕ್ಕದಲ್ಲಿ ಕುಳಿತ ದಿನಗಳಿವೆ. ಸಾಮಾನ್ಯ ಹಸುಗಳಲ್ಲಿ ಇದು ಅಪರೂಪಕ್ಕೆ ಬರುವ ಗಂಡಾಂತರ. ತದ್ರೂಪು ಭ್ರೂಣ ಹೊತ್ತ ಹಸುಗಳಲ್ಲಿ ಇದು ಪದೇ ಪದೇ ಬರುತ್ತದೆ.

ಕಾರಣ ಇದು. ಚರ್ಮದ ಜೀವಕೋಶಕ್ಕೆ ತಾನು ಚರ್ಮ ಎಂಬ ನೆನಪಿರುತ್ತದೆ. ವಂಶವಾಹಿಗಳಲ್ಲಿ ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬ ಗುರುತುಗಳು ಅದರ ಮೇಲೆ ಬಿದ್ದಿರುತ್ತವೆ. ಅಂಡಾಣುವಿನೊಳಗೆ ಹೋದ ಮೇಲೆ ಕೆಲವೇ ಗಂಟೆಗಳಲ್ಲಿ ಆ ಗುರುತುಗಳೆಲ್ಲ ಅಳಿಸಿ ಹೊಸದಾಗಿ ಶುರುವಾಗಬೇಕು. ಬಹಳಷ್ಟು ಬಾರಿ ಅರ್ಧಂಬರ್ಧ ಅಳಿಸುತ್ತವೆ. ಏಟು ಮೊದಲು ಬೀಳುವುದು ಮಾಸಿಗೆ. ತಾಯಿಗೂ ಕರುವಿಗೂ ಕೊಂಡಿಯಾದ, ಅಂಗಿಯ ಗುಂಡಿಯಂಥ ಗಂಟುಗಳು ಸಂಖ್ಯೆಯಲ್ಲಿ ಕಡಿಮೆಯಾಗಿ, ಗಾತ್ರದಲ್ಲಿ ಊದಿಕೊಂಡಿರುತ್ತವೆ. ಗರ್ಭದಲ್ಲಿ ನೀರು ಮಿತಿಮೀರಿ ತುಂಬಿ ಹಸುವಿನ ಹೊಟ್ಟೆ ಎರಡೂ ಪಕ್ಕಕ್ಕೆ ಬಿಗಿಯುತ್ತದೆ. ಕರು ಅತಿಯಾಗಿ ಬೆಳೆಯುತ್ತದೆ. ಹುಟ್ಟಿದರೂ ಉಸಿರಾಟದ ತೊಂದರೆ, ಊದಿದ ಹೊಕ್ಕುಳು, ಎದ್ದು ನಿಲ್ಲಲಾರದ ಕಾಲು. ದನಗಳಲ್ಲಿ ನೂರು ಭ್ರೂಣ ಇಟ್ಟರೆ ಹತ್ತು ಕರು ಕೈಗೆ ಸಿಕ್ಕಿದರೆ ಅದೇ ದೊಡ್ಡದು. ಉಳಿದವು ಕೆಲವು ಕಟ್ಟುವುದೇ ಇಲ್ಲ, ಕೆಲವು ಗರ್ಭಪಾತವಾಗಿ ಹೋಗುತ್ತವೆ. ಸಾಮಾನ್ಯ ಹಸುವಿಗಿಂತ ತಡವಾಗಿ, ಗರ್ಭ ಬಲಿತ ಮೇಲೆ ಹೋಗುವುದು ಇಲ್ಲಿ ಹೆಚ್ಚು. ತಾಯಿಯ ಜೀವಕ್ಕೆ ಎರವಾಗುವುದು ಆಗಲೇ.

ಕರ್ನಾಲ್‌ನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ಎಮ್ಮೆಗಳನ್ನು ನೋಡಿ. 2009ರ ಫೆಬ್ರವರಿಯಲ್ಲಿ ಹುಟ್ಟಿದ ಮೊದಲ ತದ್ರೂಪಿ ಕರು ಕೆಲವೇ ದಿನಗಳಲ್ಲಿ ಸತ್ತಿತು. ಜೂನ್‌ನಲ್ಲಿ ಹುಟ್ಟಿದ ಗರಿಮಾ ಎರಡು ವರ್ಷದಷ್ಟು ಬದುಕಿತು. 2010ರಲ್ಲಿ ಹುಟ್ಟಿದ ಗರಿಮಾ-2 ಮಾತ್ರ ಗಟ್ಟಿಯಾಗಿ ಬೆಳೆದು, 2013ರ ಜನವರಿಯಲ್ಲಿ ಮಹಿಮಾ ಎಂಬ ಹೆಣ್ಣುಕರುವನ್ನು ಸಹಜವಾಗಿ ಈಯಿತು. ಪತ್ರಿಕೆಯಲ್ಲಿ ಫೋಟೋ ಬರುವುದು ಬದುಕಿದ ಕರುವಿನದು.

ಇನ್ನು ನಿಮ್ಮ ಪ್ರಶ್ನೆ. ಅಮೆರಿಕದವರು ಹಾಲು, ಮಾಂಸ ಸುರಕ್ಷಿತ ಎಂದು ಹೇಳಿದ ಅದೇ 2008ರ ಜನವರಿಯಲ್ಲಿ ಯುರೋಪಿನ ನೈತಿಕತಾ ಸಲಹಾ ಮಂಡಳಿ, ಬಾಡಿಗೆ ತಾಯಂದಿರ ಮತ್ತು ತದ್ರೂಪಿಗಳ ಈಗಿನ ನರಳಾಟವನ್ನು ನೋಡಿದರೆ ಆಹಾರಕ್ಕಾಗಿ ಇದನ್ನು ಮಾಡುವುದು ಸಮರ್ಥನೀಯವೇ ಎಂಬ ಬಗ್ಗೆ ತನಗೆ ಅನುಮಾನವಿದೆ ಎಂದಿತು. ಅಮೆರಿಕದ ಆಡಳಿತವು ನೈತಿಕ ಪ್ರಶ್ನೆ ತನ್ನ ಕೆಲಸದ ವ್ಯಾಪ್ತಿಯಲ್ಲಿಲ್ಲ ಎಂದು ಬದಿಗಿಟ್ಟಿತ್ತು. ಒಬ್ಬರು ತಿನ್ನುವವನನ್ನು ಪರೀಕ್ಷಿಸಿದರು, ಇನ್ನೊಬ್ಬರು ಹೆರುವವಳನ್ನು ನೋಡಿದರು. ನಿಮ್ಮ ಮಗಳು ನಿಲ್ಲಬೇಕಾದ ಜಾಗ ಎರಡನೆಯದು.

ಹಾಲು ಕರೆಯುವವಳು:
ಡಾಕ್ಟರ್ ಸಾಹೇಬರು ಬರೆದದ್ದನ್ನು ಓದಿ ಕೊಟ್ಟಿಗೆಗೆ ಒಮ್ಮೆ ಹೋಗಿ ಬಂದೆ. ನಮ್ಮದೊಂದು ಕಡಸು ಚೊಚ್ಚಲ ಗಬ್ಬ. ಅದಿರಲಿ.

ಹೈನುಗಾರ್ತಿಯಾಗಿ ನನಗೆ ಅರ್ಥವಾಗದ್ದು ಒಂದಿದೆ. ತದ್ರೂಪಿ ಕರು ಹುಟ್ಟಿಸುವ ಖರ್ಚು ಸಾಮಾನ್ಯ ಕರುವಿನ ಬೆಲೆಯ ಎಷ್ಟೋ ಪಟ್ಟು. ಅದನ್ನು ಕಡಿದು ತಿನ್ನುವ ಮೂರ್ಖ ಯಾರು? ಅದು ಕೊಡುವ ಹಾಲನ್ನು ಎಷ್ಟಕ್ಕೆ ಮಾರಿದರೆ ಗಿಟ್ಟುತ್ತದೆ?

ಲೆಕ್ಕದ ಮನುಷ್ಯ:
ಯಾರೂ ತಿನ್ನುವುದಿಲ್ಲ. ಇಡೀ ಚರ್ಚೆಯಲ್ಲಿ ಎಲ್ಲರೂ ತಪ್ಪುವ ತಿರುವು ಇದೇ. ತದ್ರೂಪಿಯನ್ನು ಹುಟ್ಟಿಸುವುದು ಬೀಜಕ್ಕಾಗಿ. ಒಳ್ಳೆಯ ಹೋರಿ ಮುದಿಯಾಯಿತು, ಅಥವಾ ಸತ್ತಿತು ಎನ್ನಿ. ಅದರದೇ ತದ್ರೂಪನ್ನು ಸಾಕಿ, ವೀರ್ಯ ತೆಗೆದು, ಸಾವಿರಾರು ಹಸುಗಳಿಗೆ ಕೊಡುತ್ತಾರೆ. ನಮ್ಮ ತಟ್ಟೆಗೆ, ಲೋಟಕ್ಕೆ ಬರುವುದೇನಿದ್ದರೂ ಮಕ್ಕಳು, ಮೊಮ್ಮಕ್ಕಳು. ಅವು ಎಂದಿನಂತೆ ಅಂಡಾಣು, ವೀರ್ಯ ಸೇರಿ ಹುಟ್ಟಿದವು. ಮೇಷ್ಟ್ರು ತಪ್ಪಿದ್ದರೆ ತಿದ್ದಲಿ: ವೀರ್ಯವೂ ಅಂಡಾಣುವೂ ತಯಾರಾಗುವಾಗ ಆ ಹಳೆಯ ಗುರುತುಗಳು ಪೂರ್ತಿ ಅಳಿಸಿಹೋಗುತ್ತವೆ, ಹಾಗಾಗಿ ಮಕ್ಕಳಿಗೆ ತೊಂದರೆ ಇಳಿಯುವುದಿಲ್ಲ.

ಇದರಲ್ಲಿ ನನಗೆ ಅತ್ಯಂತ ವಿಚಿತ್ರವೆನಿಸಿದ್ದು ವೆಸ್ಟ್ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಪ್ರಯೋಗ. ಮಾಂಸ ಎಷ್ಟು ಚೆನ್ನಾಗಿದೆ ಎಂಬುದು ಪಶುವನ್ನು ಕಡಿದ ಮೇಲೆ ತಾನೇ ಗೊತ್ತಾಗುವುದು? ಗುಣಮಟ್ಟವೂ ಅತ್ಯುತ್ತಮ, ವ್ಯರ್ಥ ಕೊಬ್ಬೂ ಕನಿಷ್ಠ, ಹೀಗೆ ಎರಡೂ ಕೂಡಿಬರುವುದು ಹತ್ತು ಸಾವಿರಕ್ಕೆ ಮೂರರಷ್ಟು. ಆದರೆ ಗೊತ್ತಾಗುವ ಹೊತ್ತಿಗೆ ಅದು ಕೊಕ್ಕೆಗೆ ತೂಗುತ್ತಿರುತ್ತದೆ. ಇವರು ಆ ತೂಗುವ ಮಾಂಸದಿಂದಲೇ ಚೂರು ತೆಗೆದು ತದ್ರೂಪು ಮಾಡಿದರು. 2012ರಲ್ಲಿ ಆಲ್ಫಾ ಎಂಬ ಹೋರಿ ಹುಟ್ಟಿತು. ಇನ್ನೊಂದು ಅಂಥದೇ ಮಾಂಸದಿಂದ ಗ್ಯಾಮಾ ಎಂಬ ಹೆಸರಿನ ಕಡಸುಗಳು. ಎರಡನ್ನೂ ಕೂಡಿಸಿ ಕರು ಪಡೆದರು. ಕಸಾಯಿಖಾನೆಯಿಂದ ಕೊಟ್ಟಿಗೆಗೆ ಹಿಂದಿರುಗಿದ ಪಶು!

ಹಳೇಕಾಲದವನು:
ಇದನ್ನು ಓದಿಯೂ ನಿಮಗೆ ಏನೂ ಅನ್ನಿಸಲಿಲ್ಲವೇ?

ಲೆಕ್ಕದ ಮನುಷ್ಯ:
ಅನ್ನಿಸಿತು. ಅನ್ನಿಸುವುದನ್ನು ಅಳೆಯುವುದು ಹೇಗೆಂದು ತಿಳಿಯಲಿಲ್ಲ.

ಜೀವಶಾಸ್ತ್ರದ ಮೇಷ್ಟ್ರು:
ಲೆಕ್ಕದವರು ಹೇಳಿದ್ದು ಸರಿ. ಡಾಲಿಯೂ ಆರು ಮರಿಗಳನ್ನು ಸಹಜವಾಗಿಯೇ ಹೆತ್ತಿತು. ಡಾಲಿ ಬೇಗ ಮುದಿಯಾಗಿ ಸತ್ತಿತು ಎಂಬ ಕಥೆಯನ್ನು ಮಗಳು ಬಳಸದಿರಲಿ. 2003ರ ಫೆಬ್ರವರಿ 14ರಂದು ಅದಕ್ಕೆ ದಯಾಮರಣ ಕೊಟ್ಟದ್ದು ಶ್ವಾಸಕೋಶದ ಗೆಡ್ಡೆಗಾಗಿ. ಕುರಿಗಳಿಗೆ ವೈರಸ್‌ನಿಂದ ಬರುವ ರೋಗ ಅದು. ಅದೇ ಕೆಚ್ಚಲಿನ ಜೀವಕೋಶಗಳಿಂದ ಹುಟ್ಟಿದ ಇನ್ನೂ ನಾಲ್ಕು ಕುರಿಗಳು ನಾಟಿಂಗ್‌ಹ್ಯಾಮ್‌ನಲ್ಲಿದ್ದವು. 2016ರಲ್ಲಿ ಅವುಗಳ ಜೊತೆ ಬೇರೆ ಒಂಬತ್ತು ತದ್ರೂಪಿ ಕುರಿಗಳನ್ನೂ ಪರೀಕ್ಷಿಸಿದಾಗ ವಯಸ್ಸಿಗೆ ತಕ್ಕ ಆರೋಗ್ಯವೇ ಕಂಡಿತು. ಬದುಕಿ ಉಳಿದ ತದ್ರೂಪಿ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ.

ನಿವೃತ್ತ ಪಶುವೈದ್ಯ:
"ಬದುಕಿ ಉಳಿದ" ಎಂಬ ಎರಡು ಪದಗಳ ಮೇಲೆ ನನ್ನ ಕಣ್ಣು ನಿಂತಿತು, ಮೇಷ್ಟ್ರೇ.

ಹಾಲು ಕರೆಯುವವಳು:
ಒಂದೇ ಹೋರಿಯ ಬೀಜ ಎಲ್ಲೆಡೆ ಹೋದರೆ ತಳಿಯ ಗತಿ? ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬಂದರೆ? ನನ್ನ ನಿಜವಾದ ಭಯ ಇದು.

ಲೆಕ್ಕದ ಮನುಷ್ಯ:
ಭಯ ಸರಿಯಾದದ್ದೇ. ಆದರೆ ತದ್ರೂಪಿಗಾಗಿ ಕಾಯಬೇಕಾಗಿರಲಿಲ್ಲ, ಕೃತಕ ಗರ್ಭಧಾರಣೆಯಿಂದಲೇ ಅದು ಆಗಿಹೋಗಿದೆ. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಚೀಫ್ ಎಂಬ ಹೋಲ್‌ಸ್ಟೀನ್ ತಳಿಯ ಹೋರಿಗೆ 16,000 ಹೆಣ್ಣುಮಕ್ಕಳು. ಹಾಲಿನ ಹೊಳೆ ಹರಿಸಿದ ವಂಶ ಅದು. ಅದರ ವಂಶವಾಹಿಯಲ್ಲಿ ಒಂದು ಕೆಟ್ಟ ಮಾರ್ಪಾಡು ಅಡಗಿತ್ತು. ತಂದೆ, ತಾಯಿ ಎರಡೂ ಕಡೆಯಿಂದ ಅದು ಬಂದರೆ ಕರು ಗರ್ಭದಲ್ಲೇ ಸಾಯುತ್ತದೆ. ಹಲವು ದಶಕ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಜಗತ್ತಿನಾದ್ಯಂತ ಅಂದಾಜು 5 ಲಕ್ಷ ಗರ್ಭಗಳು ಹೋಗಿದ್ದವು.

ಹಾಲು ಕರೆಯುವವಳು:
ಅಂದರೆ ತದ್ರೂಪಿ ಬಂದರೆ ಚೀಫ್‌ಗೆ ಸಾವೇ ಇಲ್ಲ. ಸತ್ತ ಹೋರಿಯ ಜೊತೆ ಅದರ ದೋಷವಾದರೂ ಒಂದು ದಿನ ನಿಲ್ಲುತ್ತಿತ್ತು.

ಲೆಕ್ಕದ ಮನುಷ್ಯ:
ವೀರ್ಯವನ್ನು ಶೀತಲೀಕರಿಸಿಟ್ಟರೂ ನಿಲ್ಲುವುದಿಲ್ಲ. ಆದರೂ ನಿಮ್ಮ ಮಾತು ನನಗಿಂತ ಚೆನ್ನಾಗಿದೆ, ಒಪ್ಪಿದೆ.

ಲೇಬಲ್ ಓದುವವನು:
ತಡವಾಗಿ ಬಂದೆ. ತಾಯಿ ಹಸುವಿನ ನೋವು, ತಳಿಯ ಚಿಂತೆ ಎಲ್ಲವನ್ನೂ ಒಪ್ಪುತ್ತೇನೆ. ಆದರೆ ನನ್ನ ತಕರಾರು ಸರಳ. ನಾನು ಏನು ತಿನ್ನುತ್ತಿದ್ದೇನೆಂದು ನನಗೆ ಹೇಳಬೇಕು. ಕಾರಣ ಧರ್ಮವಿರಬಹುದು, ದಯೆಯಿರಬಹುದು, ಬರೀ ಅಸಹ್ಯವಿರಬಹುದು. ಅಂಗಡಿಯವನಿಗೆ ನಾನು ಕಾರಣ ಕೊಡಬೇಕಾಗಿಲ್ಲ. ಅಮೆರಿಕದಲ್ಲಿ ಲೇಬಲ್ ಕಡ್ಡಾಯವಲ್ಲ. ತದ್ರೂಪಿಗಳನ್ನೇ ಮಾರುಕಟ್ಟೆಗೆ ತರಬೇಡಿ ಎಂದು ಅಲ್ಲಿನ ಕೃಷಿ ಇಲಾಖೆ ಉದ್ಯಮದವರನ್ನು ಕೇಳಿಕೊಂಡಿತ್ತು, ಸಂತತಿಗೆ ಆ ಕೋರಿಕೆಯೂ ಇರಲಿಲ್ಲ. ಯುರೋಪಿನಲ್ಲಿ 2011ರ ಮಾರ್ಚ್‌ನಲ್ಲಿ ಹೊಸ ಆಹಾರಗಳ ಕಾನೂನಿನ ಮಾತುಕತೆ ಮುರಿದುಬಿದ್ದದ್ದೇ ಸಂತತಿಯ ವಿಷಯಕ್ಕೆ. ಕೆನಡಾ ತದ್ರೂಪಿ ದನ, ಹಂದಿಗಳ ಆಹಾರವನ್ನು ವಿಶೇಷ ಪರಿಶೀಲನೆಯಿಂದ ಬಿಡಲು ಹೊರಟು, ಜನರ ವಿರೋಧ ಎದ್ದ ಮೇಲೆ 2025ರ ನವೆಂಬರ್‌ನಲ್ಲಿ ತಡೆಹಿಡಿಯಿತು. ಹೇಳದೆ ತಿನ್ನಿಸಿದರೆ ಜನ ಸಿಟ್ಟಾಗುತ್ತಾರೆ ಎಂಬುದಕ್ಕೆ ಸಂಶೋಧನೆ ಬೇಕಿಲ್ಲ.

ಜೀವಶಾಸ್ತ್ರದ ಮೇಷ್ಟ್ರು:
ಲೇಬಲ್ ಹಾಕಬಹುದು, ಆದರೆ ಪರೀಕ್ಷಿಸುವವರು ಯಾರು? ತದ್ರೂಪಿಯ ಡಿಎನ್‌ಎ ಮೂಲ ಪಶುವಿನದ್ದೇ. ಅಂಡಾಣು ಕೊಟ್ಟ ಹಸುವಿನಿಂದ ಬರುವ ಮೈಟೊಕಾಂಡ್ರಿಯ (ಜೀವಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಚೂರು ಡಿಎನ್‌ಎ ಇರುವ ಭಾಗ) ಮಾತ್ರ ಬೇರೆ, ಅದೂ ಒಂದು ಸಾಮಾನ್ಯ ಹಸುವಿನದ್ದೇ. ಮಾಂಸದ ತುಂಡನ್ನು ಪ್ರಯೋಗಾಲಯಕ್ಕೆ ಕಳಿಸಿ "ಇದು ತದ್ರೂಪಿ" ಎಂದು ಹೇಳಿಸುವುದು ಸಾಧ್ಯವಿಲ್ಲ. ಮೊಮ್ಮಗನ ಮಾಂಸವಂತೂ ದೂರದ ಮಾತು. ಇರುವುದು ಕಾಗದದ ದಾಖಲೆಯೊಂದೇ.

ಲೇಬಲ್ ಓದುವವನು:
ಹಾಗಿದ್ದರೆ ಕಾಗದವನ್ನಾದರೂ ಇಡಲಿ. ಬ್ರಿಟನ್ನಿನಲ್ಲಿ 2010ರಲ್ಲಿ ಆದದ್ದು ಗೊತ್ತಲ್ಲ? ಅಮೆರಿಕದ ತದ್ರೂಪಿ ಹಸುವಿನ ಸಂತತಿಯ ಭ್ರೂಣಗಳು ಆಮದಾಗಿ, ಹುಟ್ಟಿದ ಹೋರಿಗಳಲ್ಲಿ ಒಂದನ್ನು ಅದರ ಹಿಂದಿನ ವರ್ಷವೇ ಕಡಿದು ಜನ ತಿಂದು ಮುಗಿಸಿದ್ದರು. ಇನ್ನೊಂದರ ಮಾಂಸವನ್ನು ಅಧಿಕಾರಿಗಳು ತಡೆದರು. ಯಾರಿಗೂ ಏನೂ ಆಗಲಿಲ್ಲ, ಒಪ್ಪುತ್ತೇನೆ. ಆದರೆ ತಿಂದವರಲ್ಲಿ ಒಬ್ಬರನ್ನಾದರೂ ಯಾರಾದರೂ ಕೇಳಿದ್ದರೇ?

ಹಳೇಕಾಲದವನು:
ಮೊದಲ ಬಾರಿಗೆ ಈ ಚರ್ಚೆಯಲ್ಲಿ ನನ್ನ ಪರವಾಗಿ ಒಬ್ಬರು ಮಾತನಾಡಿದರು. ಮೇಷ್ಟ್ರ ಮಾತಿನಿಂದ ಮಾಂಸ ವಿಷವಲ್ಲ ಎಂಬುದನ್ನು ನಾನೂ ಒಪ್ಪಿಕೊಂಡೆ, ದಾಖಲಾಗಲಿ. ತಿನ್ನುವುದಿಲ್ಲ ಎಂಬುದೂ ದಾಖಲಾಗಲಿ.

ಲೆಕ್ಕದ ಮನುಷ್ಯ:
ಸ್ವಲ್ಪ ಆಚೀಚಿನ ಮಾತು. 1999ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದಲ್ಲಿ ಸೆಕೆಂಡ್ ಚಾನ್ಸ್ ಎಂಬ ಹೋರಿ ಹುಟ್ಟಿತು. ಅದರ ಮೂಲ, ಚಾನ್ಸ್ ಎಂಬ, ಬ್ರಾಹ್ಮನ್ ತಳಿಯ ಮುದಿ ಹೋರಿ, ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಳ್ಳುವಷ್ಟು ಸಾಧು. ಯಜಮಾನ ಅದೇ ಸಾಧು ಪ್ರಾಣಿ ಮರಳಿ ಬಂದಿತೆಂದು ನಂಬಿದ. ಸೆಕೆಂಡ್ ಚಾನ್ಸ್ ಅವನನ್ನು ಎರಡು ಬಾರಿ ಕೊಂಬಿನಿಂದ ಹಾಯಿತು. ತದ್ರೂಪಿ ಎಂದರೆ ಅದೇ ಪ್ರಾಣಿ ಎಂದು ನಂಬಿ ದುಡ್ಡು ಸುರಿಯುವವರಿಗೆ ಇದನ್ನು ಹೇಳುತ್ತಿರುತ್ತೇನೆ. ಹೋಲ್‌ಸ್ಟೀನ್ ತದ್ರೂಪಿಗಳ ಮೈಮೇಲಿನ ಕಪ್ಪುಬಿಳಿ ಮಚ್ಚೆಗಳೇ ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ.

ಜೀವಶಾಸ್ತ್ರದ ಮೇಷ್ಟ್ರು:
ಪಶುವೈದ್ಯರಿಗೆ ಒಂದು ನೇರ ಪ್ರಶ್ನೆ. ಹಾಲಿನ ಇಳುವರಿಗೆಂದೇ ಆರಿಸಿದ ಸಾಮಾನ್ಯ ಹಸುಗಳಲ್ಲಿ ಕೆಚ್ಚಲು ಬಾವು, ಕುಂಟು ಕಡಿಮೆಯೇ? ದಪ್ಪ ಮಾಂಸಖಂಡದ ಬೆಲ್ಜಿಯನ್ ಬ್ಲೂ ತಳಿಯಲ್ಲಿ ಹೊಟ್ಟೆ ಕೊಯ್ದು ಕರು ತೆಗೆಯುವುದೇ ವಾಡಿಕೆ. ಅದನ್ನು ನಿಷೇಧಿಸಬೇಕೆಂದು ಯುರೋಪಿನ ಸಂಸತ್ತು ಮತ ಹಾಕಲಿಲ್ಲ. ತದ್ರೂಪಿಯ ನೋವು ಮಾತ್ರ ಏಕೆ ಕಣ್ಣಿಗೆ ಬೀಳುತ್ತದೆ?

ನಿವೃತ್ತ ಪಶುವೈದ್ಯ:
ಪ್ರಶ್ನೆ ನಾಟಿತು. ಕಡಿಮೆಯಿಲ್ಲ. ಅಂಥ ಕೊಯ್ತವನ್ನು ನಾನು ಸಮರ್ಥಿಸುವುದೂ ಇಲ್ಲ. ಒಂದು ಹಳೆಯ ತಪ್ಪು ರೂಢಿಯಾಗಿದೆ ಎಂಬುದು ಹೊಸದೊಂದನ್ನು ಶುರುಮಾಡಲು ಪರವಾನಗಿಯಾಗುತ್ತದೆಯೇ? ರೂಢಿಯಾದ ಮೇಲೆ ನಿಲ್ಲಿಸುವುದು ಎಷ್ಟು ಕಷ್ಟ ಎಂಬುದಕ್ಕೆ ನೀವೇ ಉದಾಹರಣೆ ಕೊಟ್ಟಿರಿ. ನಾಳೆ ಭ್ರೂಣಗಳು ಚೆನ್ನಾಗಿ ಕಟ್ಟಿ, ಹೆರಿಗೆ ಸಲೀಸಾದರೆ ನನ್ನ ವಿರೋಧದ ಮುಕ್ಕಾಲು ಭಾಗ ಕರಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಔಷಧಕ್ಕಾಗಿಯೋ, ಅಳಿಯುತ್ತಿರುವ ತಳಿಯೊಂದನ್ನು ಉಳಿಸುವುದಕ್ಕಾಗಿಯೋ ಆದರೆ ಈಗಲೂ ಬೇರೆ ತಕ್ಕಡಿಯಲ್ಲಿ ತೂಗುತ್ತೇನೆ. ಸ್ವಲ್ಪ ಹೆಚ್ಚು ಹಾಲಿಗೆ, ಸ್ವಲ್ಪ ಮೃದುವಾದ ಮಾಂಸಕ್ಕೆ ಅಷ್ಟು ಗರ್ಭಗಳನ್ನು ಕಳೆಯುವುದು ನನ್ನ ಕೈಗೆ ಒಪ್ಪಿಗೆಯಿಲ್ಲ.

ಜೀವಶಾಸ್ತ್ರದ ಮೇಷ್ಟ್ರು:
ಕೈಗೆ ಒಪ್ಪಿಗೆಯಿಲ್ಲ ಎಂಬುದಕ್ಕೆ ನನ್ನ ಬಳಿ ಪ್ರತಿವಾದವಿಲ್ಲ. ಆದರೆ ಈಗಾಗಲೇ ಹುಟ್ಟಿ, ಸಹಜವಾಗಿ ಬೆಳೆದ ಸಂತತಿಯ ಹಾಲನ್ನು ಚೆಲ್ಲಿ ಯಾವ ಹಸುವಿನ ನೋವು ಕಡಿಮೆಯಾಗುತ್ತದೆ ಎಂಬುದು ನನಗೆ ಇನ್ನೂ ಹೊಳೆದಿಲ್ಲ.

ಹಾಲು ಕರೆಯುವವಳು:
ಆ ಹಾಲು ಮಾರಾಟವಾದರೆ ತಾನೇ ಮೇಷ್ಟ್ರೇ, ಮುಂದಿನ ತದ್ರೂಪಿಯನ್ನು ಹುಟ್ಟಿಸಲು ದುಡ್ಡು ಬರುವುದು? ಹಾಲು ಹೋಗುವ ದಾರಿಯಲ್ಲೇ ಬೇಡಿಕೆ ವಾಪಸು ಬರುತ್ತದೆ. ಇದನ್ನು ಹಾಲು ಮಾರುವವಳಿಂದ ಕೇಳಿ ತಿಳಿದುಕೊಳ್ಳಬಹುದು.

ಕುತೂಹಲಿ:
ಎಲ್ಲರಿಗೂ ಧನ್ಯವಾದ. ಮಗಳು ಪೂರ್ತಿ ಓದಿದಳು. "ವಿಷ" ಹೋಯಿತು. ಅವಳಿಗಿರುವುದು ನಾಲ್ಕು ನಿಮಿಷ, ಹಾಗಾಗಿ ಚೀಫ್ ಹೋರಿಯನ್ನೂ ಕಣ್ಣೀರು ಒರೆಸಿಕೊಂಡು ಬಿಟ್ಟಳು. ಈಗಿನ ಆರಂಭ ಹೀಗಿದೆ: "ಮಾನ್ಯ ತೀರ್ಪುಗಾರರೇ, ಈ ಮಾಂಸ ಸುರಕ್ಷಿತ ಎಂದು ನನ್ನ ಎದುರಾಳಿ ಹೇಳುತ್ತಾರೆ. ನಾನು ಅದನ್ನು ಒಪ್ಪುತ್ತೇನೆ. ಈಗ ಡಾಲಿಯನ್ನು ಪಡೆಯಲು ಬಳಸಿದ 277 ತಾಯಿ ಕುರಿಗಳ ಬಗ್ಗೆ ಮಾತನಾಡೋಣ." ಹೇಗಿದೆ?

ನಿವೃತ್ತ ಪಶುವೈದ್ಯ:
ಆರಂಭ ಚೆನ್ನಾಗಿದೆ, ಅಂಕಿ ತಪ್ಪಿದೆ. ಬೆಸೆದ ಅಂಡಾಣುಗಳು 277. ಅವುಗಳಲ್ಲಿ ಗರ್ಭಕ್ಕೆ ಇಡಲು ಯೋಗ್ಯವಾದ ಭ್ರೂಣಗಳು 29. ಅವನ್ನು ಹೊತ್ತ ತಾಯಿ ಕುರಿಗಳು 13. ಹುಟ್ಟಿದ ಮರಿ ಒಂದು. ಎದುರಾಳಿ ಪಕ್ಷದಲ್ಲಿ ಮೇಷ್ಟ್ರಂಥವರು ಒಬ್ಬರಿದ್ದರೆ ಸಾಕು, ಮಗುವನ್ನು ಅಲ್ಲೇ ಕೂರಿಸಿಬಿಡುತ್ತಾರೆ.

ಜೀವಶಾಸ್ತ್ರದ ಮೇಷ್ಟ್ರು:
ಕೂರಿಸುತ್ತಿದ್ದೆ.

ಕುತೂಹಲಿ:
ತಿದ್ದಿದಳು. "ಹದಿಮೂರು ತಾಯಿ ಕುರಿಗಳು" ಎಂದು ಬರೆದು, ಪಕ್ಕದಲ್ಲಿ ಪೆನ್ಸಿಲ್‌ನಿಂದ "ನಿಧಾನವಾಗಿ ಓದಬೇಕು" ಎಂದು ಗುರುತು ಹಾಕಿಕೊಂಡಿದ್ದಾಳೆ. ಹಾಲು ಕರೆಯುವವರೇ, ನಿಮ್ಮ ಕಡಸು ಈದ ಮೇಲೆ ತಿಳಿಸಿ, ಕೇಳುತ್ತಿದ್ದಾಳೆ.